ಪುಟ್ಟ ಮಕ್ಕಳೊಂದಿಗೆ ಮಂಗಳೂರು ಸುತ್ತಾಟ: ಒಂದು ದಿನಕ್ಕೆ ಒಂದೇ ಜಾಗ ಸಾಕು



ಬೇಸಿಗೆ ರಜೆ, ದಸರಾ ರಜೆ, ಡಿಸೆಂಬರ್ ತಿಂಗಳು ಬಂತೆಂದರೆ ಬೆಳಗಾವಿ, ಹುಬ್ಬಳ್ಳಿ, ಹಾಸನ, ಮೈಸೂರು ಕಡೆಯ ಪರಿಚಯದವರಿಂದ ನನಗೆ ಫೋನ್ ಬರುತ್ತದೆ. "ಮೂಡುಬಿದಿರೆ, ಕಾರ್ಕಳ, ವೇಣೂರು, ಧರ್ಮಸ್ಥಳ ದರ್ಶನ ಮುಗಿಸಿ ಒಂದು ದಿನ ಮಂಗಳೂರಿನಲ್ಲಿ ಇರುತ್ತೇವೆ. ಜೊತೆಗೆ ಎರಡು ವರ್ಷದ ಮೊಮ್ಮಗು ಇದೆ. ಎಲ್ಲಿಗೆ ಕರೆದುಕೊಂಡು ಹೋಗಬಹುದು?" ಎಂದು ಕೇಳುತ್ತಾರೆ. ಮಂಗಳೂರಿನಲ್ಲೇ ನೆಲೆಸಿರುವ ನಮ್ಮ ಯುವ ದಂಪತಿಗಳದ್ದೂ ಇದೇ ಪ್ರಶ್ನೆ. ಪ್ರತಿಯೊಬ್ಬರಿಗೂ ಫೋನಿನಲ್ಲಿ ಹೇಳುವ ಬದಲು ಒಮ್ಮೆ ಬರೆದುಬಿಡೋಣ ಎಂದು ಈ ಲೇಖನ.

ನಾನು ವೈದ್ಯನಲ್ಲ, ಶಿಕ್ಷಕನೂ ಅಲ್ಲ. ಮಂಗಳೂರಿನ ಬಂದರು ಪ್ರದೇಶದಲ್ಲಿ ದಿನಸಿ ಸಗಟು ವ್ಯಾಪಾರ ಮಾಡುತ್ತಾ ಬಂದವನು. ಸಮಾಜದ ಕಾರ್ಯಕ್ರಮಗಳಲ್ಲಿ ಸ್ವಯಂಸೇವಕನಾಗಿ ಓಡಾಡುತ್ತೇನೆ. ಇಲ್ಲಿ ಬರೆದಿರುವುದರಲ್ಲಿ ಹೆಚ್ಚಿನದನ್ನು ನನಗೆ ಕಲಿಸಿದವನು ನನ್ನ ಮೊಮ್ಮಗ.

ನಾನು ಮಾಡಿದ ತಪ್ಪು

ಮೊಮ್ಮಗನಿಗೆ ಆಗ ಎರಡು ವರ್ಷ ತುಂಬಿತ್ತು. ಮೇ ತಿಂಗಳ ಒಂದು ಭಾನುವಾರ. ಮಗ ಚಿಕ್ಕವನಿದ್ದಾಗ ಅಂಗಡಿ ಬಿಟ್ಟು ಅವನನ್ನು ಎಲ್ಲಿಗೂ ಕರೆದುಕೊಂಡು ಹೋದವನಲ್ಲ ನಾನು. ಆ ಬಾಕಿಯನ್ನೆಲ್ಲ ಒಂದೇ ದಿನದಲ್ಲಿ ತೀರಿಸುವ ಹುಮ್ಮಸ್ಸಿನಿಂದ ಬೆಳಗ್ಗೆ ಪಿಲಿಕುಳ, ಮಧ್ಯಾಹ್ನ ಮಾಲ್, ಸಂಜೆ ಪಣಂಬೂರು ಕಡಲತೀರ, ಬರುವಾಗ ಕದ್ರಿ ಪಾರ್ಕ್ ಎಂದು ಪಟ್ಟಿ ಮಾಡಿಕೊಂಡು ಕಾರು ಹತ್ತಿಸಿದೆ.

ಪಿಲಿಕುಳದಲ್ಲಿ ಹುಲಿಯ ಬಳಿ ಹೋಗುವಷ್ಟರಲ್ಲಿ 12 ಗಂಟೆ. ಮಗು ಬೆವರಿ ತೊಯ್ದು ಹೋಗಿತ್ತು, ಹುಲಿಯನ್ನು ನೋಡಲೇ ಇಲ್ಲ. ನಿದ್ದೆಯ ಹೊತ್ತಿನಲ್ಲಿ ಮಾಲಿನ ದೀಪ, ಸದ್ದು. ಊಟ ಬೇಡವೆಂದು ಹಠ. ಸಂಜೆ ಕಡಲ ಬಳಿ ಕಾರಿನಿಂದ ಇಳಿಸಿದರೆ ಅಲೆಯ ಸದ್ದಿಗೆ ಬೆದರಿ ಅಳಲು ಶುರು. ರಾತ್ರಿ ಮನೆಗೆ ಬಂದಾಗ ಮೈ ಬಿಸಿ, ಎರಡು ಸಲ ವಾಂತಿ. ಸೊಸೆ ಏನೂ ಬೈಯಲಿಲ್ಲ. "ಮಾವ, ಇವತ್ತು ಅವನು ಖುಷಿಪಟ್ಟದ್ದು ಒಂದೇ ಸಲ. ಪಾರ್ಕಿಂಗ್‌ನಲ್ಲಿ ಒಣಗಿದ ಎಲೆ ಹೆಕ್ಕುತ್ತಿದ್ದನಲ್ಲ, ಆಗ. ನಾವು ಹೊತ್ತಾಯಿತೆಂದು ಎತ್ತಿಕೊಂಡು ಬಂದೆವು" ಎಂದಳು.

ಮಗುವಿಗೆ ಮರುದಿನ ಜ್ವರ ಇಳಿಯಿತು. ಆ ಮಾತು ಮಾತ್ರ ನನ್ನ ತಲೆಯಲ್ಲಿ ಉಳಿಯಿತು. ಪಟ್ಟಿ ನನ್ನದಾಗಿತ್ತು, ಮಗುವಿನದಾಗಿರಲಿಲ್ಲ.

ಮೊದಲು ಮಗುವಿನ ಗಡಿಯಾರ

ತಪ್ಪುಹೆಜ್ಜೆ ಇಡುವ ವಯಸ್ಸಿನಿಂದ ಮೂರು ವರ್ಷದವರೆಗಿನ ಮಕ್ಕಳಿಗೆ ಜಾಗಕ್ಕಿಂತ ಹೊತ್ತು ಮುಖ್ಯ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಐದು ವರ್ಷದೊಳಗಿನ ಮಕ್ಕಳಿಗಾಗಿ ಮಾರ್ಗಸೂಚಿ ಹೊರಡಿಸಿತು. ಅದರ ಪ್ರಕಾರ ಒಂದು ಮತ್ತು ಎರಡು ವರ್ಷದ ಮಕ್ಕಳು ದಿನಕ್ಕೆ ಒಟ್ಟು 180 ನಿಮಿಷವಾದರೂ ಮೈಕೈ ಆಡಿಸುತ್ತಿರಬೇಕು. ಹಗಲು ನಿದ್ದೆಯೂ ಸೇರಿ 11ರಿಂದ 14 ಗಂಟೆ ನಿದ್ದೆ ಬೇಕು. ಒಂದು ವರ್ಷದ ಮಗುವಿಗೆ ಮೊಬೈಲ್, ಟಿವಿ ಪರದೆ ಬೇಡವೇ ಬೇಡ. ಎರಡು ವರ್ಷವಾದ ಮೇಲೂ ದಿನಕ್ಕೆ ಒಂದು ಗಂಟೆ ಮೀರಬಾರದು. ಫ್ಲ್ಯಾಟಿನಲ್ಲಿ ಬೆಳೆಯುವ ಮಗುವಿಗೆ ಈ ಮೂರು ಗಂಟೆಯ ಓಡಾಟ ಮನೆಯೊಳಗೇ ಸಿಗುವುದು ಕಷ್ಟ. ಆದ್ದರಿಂದ ಹೊರಗೆ ಕರೆದೊಯ್ಯುವುದನ್ನು ವರ್ಷಕ್ಕೊಮ್ಮೆ ಮಾಡುವ ದೊಡ್ಡ ಪ್ರವಾಸ ಎಂದು ಭಾವಿಸದೆ, ವಾರಕ್ಕೊಮ್ಮೆಯ ಸಣ್ಣ ರೂಢಿಯಾಗಿ ಇಟ್ಟುಕೊಳ್ಳುವುದು ಒಳ್ಳೆಯದು.

ಮಂಗಳೂರಿನ ಸೆಕೆಯಲ್ಲಿ ಪುಟ್ಟ ಮಕ್ಕಳಿಗೆ ಸರಿಹೊಂದುವ ಹೊತ್ತು ಎರಡೇ. ಬೆಳಗ್ಗೆ 7.30ರಿಂದ 10 ಗಂಟೆ, ಅಥವಾ ಸಂಜೆ 4ರ ನಂತರ. ನಡುವಿನ ಹೊತ್ತು ಊಟಕ್ಕೆ ಮತ್ತು ನಿದ್ದೆಗೆ.

ಸೂರ್ಯಾಸ್ತಕ್ಕೆ ಮೊದಲೇ ಊಟ ಮುಗಿಸುವ ಪದ್ಧತಿ ಇರುವ ಮನೆಗಳಲ್ಲಿ ಸಂಜೆಯ ಲೆಕ್ಕ ಇನ್ನೂ ಬಿಗಿ. ಮಂಗಳೂರಿನಲ್ಲಿ ನವೆಂಬರ್ ಕೊನೆ, ಡಿಸೆಂಬರ್ ಮೊದಲಲ್ಲಿ 6 ಗಂಟೆ ದಾಟುತ್ತಲೇ ಸೂರ್ಯ ಮುಳುಗುತ್ತಾನೆ. ಮಾರ್ಚ್‌ನಲ್ಲಿ 6.40ರ ಹೊತ್ತಿಗೆ, ಜೂನ್ ಕೊನೆಯಲ್ಲಿ 7 ಗಂಟೆಯ ಹೊತ್ತಿಗೆ. ಹಾಗಾಗಿ ಡಿಸೆಂಬರ್‌ನಲ್ಲಿ ಸಂಜೆ ಹೊರಡುವುದಾದರೆ ಮಗುವಿನ ರಾತ್ರಿಯ ಊಟವನ್ನು ಡಬ್ಬಿಯಲ್ಲೇ ಒಯ್ದು 5.30ಕ್ಕೆ ಅಲ್ಲೇ ತಿನ್ನಿಸಿಬಿಡಿ. ಇದು ಪದ್ಧತಿಗೂ ಸರಿ, ಮಗುವಿನ ಹೊಟ್ಟೆಗೂ ಸರಿ. ಮನೆಗೆ ಬರುವ ದಾರಿಯಲ್ಲಿ ಮಗು ನಿದ್ದೆ ಹೋದರೂ ಚಿಂತೆ ಇಲ್ಲ. ಕತ್ತಲಾದ ಮೇಲಿನ ಕಾರಂಜಿ, ದೀಪಾಲಂಕಾರ, ಉತ್ಸವಗಳನ್ನು ಮಗು ದೊಡ್ಡದಾದ ಮೇಲೆ ನೋಡಿದರಾಯಿತು.

ನಗರದೊಳಗಿನ ಉದ್ಯಾನಗಳು

ಮೊದಲ ಸಲ ಹೊರಡುವವರಿಗೆ ನಾನು ಹೇಳುವುದು ಕದ್ರಿ ಪಾರ್ಕ್. ಬೆಳಗ್ಗೆ ನಡಿಗೆಗೆ ಬರುವವರು ಇರುತ್ತಾರೆ, ದೊಡ್ಡ ಮರಗಳ ನೆರಳಿದೆ, ಹುಲ್ಲಿದೆ, ಮಕ್ಕಳ ಆಟದ ಸಾಮಾನುಗಳಿವೆ. ಇಲ್ಲಿಯ ಪುಟಾಣಿ ರೈಲು ಮಂಗಳೂರಿನ ಎರಡು ಮೂರು ತಲೆಮಾರಿಗೆ ಗೊತ್ತು. ರೈಲು ಓಡದ ದಿನವೂ ಮಗುವಿಗೆ ಕೆಲಸಕ್ಕೇನೂ ಕೊರತೆ ಇಲ್ಲ. ಬಿದ್ದ ಹೂವು, ಅಳಿಲು, ಗಿಡಕ್ಕೆ ನೀರು ಹಾಕುವ ಪೈಪು ಇಷ್ಟೇ ಸಾಕು. ನಮ್ಮ ಕಾಲದಲ್ಲಿ ಕದ್ರಿಯಲ್ಲಿ ಜಿಂಕೆಗಳಿದ್ದವು, ಅವುಗಳನ್ನು ಪಿಲಿಕುಳಕ್ಕೆ ಸಾಗಿಸಿದರು. ಅಜ್ಜ ಅಜ್ಜಿಯರು ಇಂಥ ಹಳೆಯ ಕಥೆ ಹೇಳಲು ಒಳ್ಳೆಯ ಜಾಗ.

ಬಾವುಟಗುಡ್ಡೆಯ ಟ್ಯಾಗೋರ್ ಪಾರ್ಕ್ ಚಿಕ್ಕದು. ಹಂಪನಕಟ್ಟೆಯಲ್ಲಿ ಕೆಲಸ ಮುಗಿಸಿ ಅರ್ಧ ಗಂಟೆ ಕೂರಲು ಅನುಕೂಲ. ಹಳೆಯ ದೀಪಸ್ತಂಭ ಅಲ್ಲಿದೆ. ಗುಡ್ಡೆಯ ಮೇಲಿಂದ ದೂರದ ಕಡಲು ಕಾಣುತ್ತದೆ. ಆದರೆ ಸುತ್ತ ರಸ್ತೆ ಇಳಿಜಾರು, ವಾಹನ ಹೆಚ್ಚು. ಕೈ ಬಿಡಬಾರದು. ಮಣ್ಣಗುಡ್ಡೆಯ ಗಾಂಧಿ ಪಾರ್ಕ್ ಆ ಭಾಗದ ಮನೆಗಳಿಗೆ ಹತ್ತಿರ.

ಉದ್ಯಾನದಲ್ಲಿ ಮಗು ಮಾಡುವ ಮೊದಲ ಕೆಲಸ ಎಲೆ ಕೀಳುವುದು, ಇರುವೆಯ ಮೇಲೆ ಕಾಲಿಡುವುದು. ಗದರಿಸಿದರೆ ಹಠ ಹಿಡಿಯುತ್ತದೆ. ನಾನು ಮೊಮ್ಮಗನ ಪಕ್ಕ ಕುಕ್ಕರಗಾಲಿನಲ್ಲಿ ಕುಳಿತು, "ಇರುವೆ ಮನೆಗೆ ಹೋಗ್ತಾ ಉಂಟು, ದಾರಿ ಬಿಡುವನಾ?" ಎನ್ನುತ್ತಿದ್ದೆ. ಕೆಲವೇ ವಾರಗಳಲ್ಲಿ ಅವನೇ ನನ್ನ ಪಂಚೆ ಎಳೆದು "ಅಜ್ಜ, ದಾಯಿ ಬಿಡು" ಎನ್ನಲು ಶುರುಮಾಡಿದ. ಅಹಿಂಸೆಯ ಪಾಠ ಪುಸ್ತಕಕ್ಕೆ ಬರುವ ಎಷ್ಟೋ ಮೊದಲು ಹೀಗೆ ಕಾಲಬುಡದಲ್ಲೇ ಶುರುವಾಗಬಹುದು.

ಕಡಲು ಮತ್ತು ಹೊಳೆ

ಹೊರಗಿನಿಂದ ಬರುವ ಎಲ್ಲರಿಗೂ ಕಡಲು ನೋಡಬೇಕು. ತಪ್ಪಿಲ್ಲ. ಪಣಂಬೂರು ನಗರದಿಂದ ಸುಮಾರು 10 ಕಿ.ಮೀ. ಉತ್ತರಕ್ಕಿದೆ. ಪಕ್ಕದಲ್ಲೇ ನವಮಂಗಳೂರು ಬಂದರು ಇರುವುದರಿಂದ ದೂರದಲ್ಲಿ ನಿಂತ ಹಡಗುಗಳು ಕಾಣುತ್ತವೆ. ಭಾನುವಾರ ಸಂಜೆ ಜನಜಂಗುಳಿ. ಪುಟ್ಟ ಮಗು ಇದ್ದರೆ ವಾರದ ನಡುವಿನ ದಿನ, ಬೆಳಗ್ಗೆ 8ರ ಒಳಗೆ ಹೋಗಿ ಬನ್ನಿ. ಬಿಸಿಲೇರಿದ ಮೇಲೆ ಮರಳು ಕಾದು ಬರಿಗಾಲು ಸುಡುತ್ತದೆ.

ನನಗೆ ಹೆಚ್ಚು ಇಷ್ಟ ತಣ್ಣೀರುಬಾವಿ. ಅಲ್ಲಿ ಅರಣ್ಯ ಇಲಾಖೆಯ ಟ್ರೀ ಪಾರ್ಕ್ ಇದೆ. ಮರಳಿನಲ್ಲಿ ಆಡಿ ಬಿಸಿಲಾಯಿತೆಂದರೆ ಮರದ ನೆರಳಿಗೆ ಬರಬಹುದು. ದೋಣಿ ನಡೆಯುವ ದಿನವಾದರೆ ಸುಲ್ತಾನ್ ಬತ್ತೇರಿಯಿಂದ ಫಲ್ಗುಣಿ ಹೊಳೆ ದಾಟಿ ಆಚೆ ದಡಕ್ಕೆ ಹೋಗಬಹುದು. ಸುಲ್ತಾನ್ ಬತ್ತೇರಿ 1784ರಲ್ಲಿ ಟಿಪ್ಪು ಸುಲ್ತಾನ್ ಕಟ್ಟಿಸಿದ ಕಾವಲು ಬುರುಜು. ದೊಡ್ಡವರಿಗೆ ಇತಿಹಾಸ, ಮಗುವಿಗೆ ದೋಣಿ. ಮಗುವನ್ನು ಮಡಿಲಲ್ಲಿ ಗಟ್ಟಿಯಾಗಿ ಹಿಡಿದು ದೋಣಿಯ ನಡುವೆ ಕುಳಿತುಕೊಳ್ಳಿ. ಜೀವರಕ್ಷಕ ಜಾಕೆಟ್ ಕೇಳಿ ಹಾಕಿಸಿ. ದೋಣಿ ತುಂಬಿದ್ದರೆ ಮುಂದಿನದಕ್ಕೆ ಕಾಯಿರಿ.

ಇಲ್ಲಿ ಒಂದು ಮಾತನ್ನು ಸ್ಪಷ್ಟವಾಗಿ ಹೇಳಬೇಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮ ಕಡಲು ಮಕ್ಕಳನ್ನು ಇಳಿಸುವ ಕಡಲಲ್ಲ. ಆಗ ದಡದಲ್ಲಿ ನಿಂತವರನ್ನೂ ಅಲೆ ಎಳೆದುಕೊಂಡು ಹೋಗಿರುವುದುಂಟು. ಘಟ್ಟದ ಮೇಲಿನಿಂದ ಬರುವವರಿಗೆ ಇದರ ಅಂದಾಜು ಇರುವುದಿಲ್ಲ. ಉಳಿದ ತಿಂಗಳುಗಳಲ್ಲೂ ಮಗುವಿಗೆ ಒದ್ದೆ ಮರಳೇ ಸಾಕು. ಅಲೆ ಬಂದು ಪಾದ ಮುಟ್ಟಿ ಹೋಗುವ ಜಾಗದಿಂದ ಮುಂದೆ ಬೇಡ. ಎರಡು ವರ್ಷದ ಮಗು ಕವುಚಿ ಬಿದ್ದರೆ ಮೊಣಕಾಲುದ್ದ ನೀರೂ ಅಪಾಯ. ಫೋಟೋ ತೆಗೆಯುವವರು ಮಗುವನ್ನು ನೋಡಿಕೊಳ್ಳುವವರಾಗಿರಬಾರದು. ಆ ಎರಡು ಕೆಲಸ ಇಬ್ಬರು ಬೇರೆ ಬೇರೆಯವರು ಮಾಡಲಿ.

ಪಿಲಿಕುಳ

ತುಳುವಿನಲ್ಲಿ ಪಿಲಿ ಎಂದರೆ ಹುಲಿ, ಕುಳ ಎಂದರೆ ಕೊಳ. ವಾಮಂಜೂರಿನ ಹತ್ತಿರ, ನಗರದಿಂದ ಸುಮಾರು 12 ಕಿ.ಮೀ. ದೂರದಲ್ಲಿದೆ. ಮೃಗಾಲಯ, ಕೆರೆ, ಕುಶಲಕರ್ಮಿಗಳ ಗ್ರಾಮ, ಗುತ್ತಿನ ಮನೆ, ವಿಜ್ಞಾನ ಕೇಂದ್ರ, ಸ್ವಾಮಿ ವಿವೇಕಾನಂದ ತಾರಾಲಯ ಎಲ್ಲವೂ ಒಂದೇ ಆವರಣದಲ್ಲಿವೆ. ಎಲ್ಲವನ್ನೂ ನೋಡಲು ದೊಡ್ಡವರಿಗೇ ಇಡೀ ದಿನ ಬೇಕು. ಪುಟ್ಟ ಮಗುವಿದ್ದರೆ ಒಂದನ್ನು ಮಾತ್ರ ಆರಿಸಿಕೊಳ್ಳಿ. ಮೃಗಾಲಯಕ್ಕೆ ಹೋಗುವುದಾದರೆ ಬಾಗಿಲು ತೆರೆಯುವ ಹೊತ್ತಿಗೇ ಹೋಗಿ, ಬಿಸಿಲೇರುವ ಮುನ್ನ ಹೊರಬನ್ನಿ. ಸೋಮವಾರ ರಜೆ ಇರುತ್ತದೆ. ಹೊರಡುವ ಮುನ್ನ ಒಮ್ಮೆ ಫೋನ್ ಮಾಡಿ ಸಮಯ ಕೇಳಿಕೊಳ್ಳಿ. ತಾರಾಲಯದ ಕತ್ತಲೆ ಮತ್ತು ದೊಡ್ಡ ಸದ್ದು ಮೂರು ವರ್ಷದೊಳಗಿನವರಿಗೆ ಹಿಡಿಸುವುದಿಲ್ಲ.

ಪ್ರಾಣಿಗಳನ್ನು ಬೇಲಿಯೊಳಗೆ ಇಟ್ಟಿರುವ ಜಾಗಕ್ಕೆ ನಮ್ಮ ಮಕ್ಕಳನ್ನು ಕರೆದೊಯ್ಯಬೇಕೇ ಎಂದು ನಮ್ಮಲ್ಲಿ ಕೆಲವರು ಕೇಳುತ್ತಾರೆ. ಪ್ರಶ್ನೆ ನ್ಯಾಯವಾದದ್ದೇ. ಬೇಡವೆನಿಸಿದವರಿಗೆ ಪಿಲಿಕುಳದ ಕೆರೆಯ ದಂಡೆಯೂ, ಗುತ್ತಿನ ಮನೆಯ ಅಂಗಳವೂ ಇವೆ. ಕರೆದೊಯ್ಯುವವರಿಗೆ ಒಂದು ವಿಷಯ. ಬಾವಿಗೆ ಬಿದ್ದ, ಉರುಳಿಗೆ ಸಿಕ್ಕಿದ ಚಿರತೆಗಳನ್ನು ರಕ್ಷಿಸಿ ಪಿಲಿಕುಳಕ್ಕೆ ತಂದ ಸುದ್ದಿಯನ್ನು ನಾವು ಪತ್ರಿಕೆಗಳಲ್ಲಿ ಓದಿದ್ದೇವೆ. ಮಗುವಿಗೆ ಆ ಕಥೆ ಹೇಳಿ. ಪ್ರಾಣಿಗೆ ತಿಂಡಿ ಎಸೆಯುವುದು, ಕೂಗಿ ಎಬ್ಬಿಸುವುದು ತಪ್ಪು ಎಂದು ನಾವು ನಡೆದು ತೋರಿಸಿದರೆ ಮಗು ಅದನ್ನೇ ಕಲಿಯುತ್ತದೆ.

ಮಳೆಗಾಲದಲ್ಲಿ ಎಲ್ಲಿಗೆ?

ಮಂಗಳೂರಿನಲ್ಲಿ ವರ್ಷಕ್ಕೆ 3,500 ಮಿ.ಮೀ.ಗೂ ಹೆಚ್ಚು ಮಳೆ, ಅದರಲ್ಲಿ ದೊಡ್ಡ ಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಆ ನಾಲ್ಕು ತಿಂಗಳು ಮಕ್ಕಳು ಮೊಬೈಲ್ ಹಿಡಿದು ಕೂರುವ ಕಾಲ. ಆಗ ಮೂರು ಜಾಗ ಸೂಚಿಸುತ್ತೇನೆ.

ಮೊದಲನೆಯದು ಬಿಜೈಯಲ್ಲಿರುವ ಶ್ರೀಮಂತಿ ಬಾಯಿ ಸ್ಮಾರಕ ಸರಕಾರಿ ವಸ್ತುಸಂಗ್ರಹಾಲಯ. ಕರ್ನಲ್ ಮಿರಾಜ್ಕರ್ ಅವರು ತಾಯಿಯ ಹೆಸರಿನಲ್ಲಿ ಕೊಟ್ಟ ಈ ಮನೆ 1960ರಲ್ಲಿ ವಸ್ತುಸಂಗ್ರಹಾಲಯವಾಗಿ ಜನರಿಗೆ ತೆರೆಯಿತು. ಕಟ್ಟಡ ಹಡಗಿನ ಆಕಾರದಲ್ಲಿದೆ. ಒಳಗಿನ ವಿಗ್ರಹಗಳಿಗಿಂತ ಮಗುವಿಗೆ ಆ "ಹಡಗು" ಹೆಚ್ಚು ಇಷ್ಟವಾದರೆ ಆಶ್ಚರ್ಯವಿಲ್ಲ. ತೆರೆದಿದೆಯೇ ಎಂದು ವಿಚಾರಿಸಿ ಹೋಗಿ.

ಎರಡನೆಯದು ಬಾವುಟಗುಡ್ಡೆಯ ಸಂತ ಅಲೋಶಿಯಸ್ ಚಾಪೆಲ್. ಇಟಲಿಯ ಅಂತೋನಿಯೊ ಮೊಸ್ಕೇನಿ ಎಂಬ ಕಲಾವಿದರು ಸುಮಾರು 1900ರ ಹೊತ್ತಿಗೆ ಇಲ್ಲಿಯ ಗೋಡೆ, ಮಾಡುಗಳ ತುಂಬ ಚಿತ್ರ ಬಿಡಿಸಿದ್ದಾರೆ. ಅದು ಪ್ರಾರ್ಥನೆಯ ಸ್ಥಳ, ಮಗು ಸಮಾಧಾನದಲ್ಲಿರುವಾಗ ಹತ್ತು ನಿಮಿಷ ಹೋಗಿ ಬರಬೇಕು.

ಮೂರನೆಯದು ಮಂಗಳೂರು ಸೆಂಟ್ರಲ್ ರೈಲು ನಿಲ್ದಾಣ. ನಗುವವರು ನಗಲಿ. 10 ರೂಪಾಯಿಯ ಪ್ಲಾಟ್‌ಫಾರ್ಮ್ ಟಿಕೆಟ್ ತೆಗೆದುಕೊಂಡು, ಹಳಿಯಿಂದ ದೂರವಿರುವ ಬೆಂಚಿನಲ್ಲಿ ಮಗುವನ್ನು ಮಡಿಲಲ್ಲಿ ಕೂರಿಸಿಕೊಂಡು ಒಂದು ರೈಲು ಬರುವುದನ್ನೂ ಇನ್ನೊಂದು ಹೋಗುವುದನ್ನೂ ನೋಡಿ. ನಮ್ಮ ಮನೆಯಲ್ಲಿ ಒಂದು ಇಡೀ ಮಳೆಗಾಲ ಇದರಲ್ಲೇ ಕಳೆಯಿತು.

ಬಸದಿಗೆ ಹೋಗುವಾಗ

ಯಾತ್ರೆಗೆಂದೇ ಬರುವವರು ಮಕ್ಕಳ ದೃಷ್ಟಿಯಿಂದ ಮೂಡುಬಿದಿರೆಯ ಸಾವಿರ ಕಂಬದ ಬಸದಿಗೆ ಹೆಚ್ಚು ಸಮಯ ಕೊಡಿ. ಮಂಗಳೂರಿನಿಂದ ಸುಮಾರು 35 ಕಿ.ಮೀ. ತ್ರಿಭುವನ ತಿಲಕ ಚೂಡಾಮಣಿ ಎಂಬ ಹೆಸರಿನ ಈ ಬಸದಿ 1430ರದ್ದು. ಒಂದು ಕಂಬದಂತೆ ಇನ್ನೊಂದಿಲ್ಲ ಎನ್ನುತ್ತಾರೆ. ಮಗು ಕಂಬ ಸುತ್ತುತ್ತಾ ಕಣ್ಣಾಮುಚ್ಚಾಲೆ ಆಡುತ್ತದೆ. ಪೂಜೆಯ ಹೊತ್ತಲ್ಲದಿದ್ದರೆ ಹೊರ ಜಗಲಿಯಲ್ಲಿ ಸ್ವಲ್ಪ ಹೊತ್ತು ಆಡಲು ಬಿಡಿ. ಆನೆಯ ಕೆತ್ತನೆ ತೋರಿಸಿ. ಬೆಳಗ್ಗೆ 9ರ ಒಳಗೆ ಹೋದರೆ ಅಂಗಳದ ಕಲ್ಲು ತಣ್ಣಗಿರುತ್ತದೆ. ಮಧ್ಯಾಹ್ನ ಬರಿಗಾಲಿನಲ್ಲಿ ಮಗುವನ್ನು ನಡೆಸಲು ಆಗದು.

ಮೂಡುಬಿದಿರೆಯಲ್ಲಿ 18 ಬಸದಿಗಳಿವೆ. ಎಲ್ಲವನ್ನೂ ಒಂದೇ ದಿನ ಮಗುವಿನೊಂದಿಗೆ ಮುಗಿಸಲು ಹೊರಟರೆ ಯಾರಿಗೂ ದರ್ಶನದ ಸಮಾಧಾನ ಸಿಗುವುದಿಲ್ಲ. ಇಬ್ಬರು ದರ್ಶನಕ್ಕೆ ಹೋಗಿ, ಒಬ್ಬರು ಮಗುವಿನೊಂದಿಗೆ ನೆರಳಿನಲ್ಲಿ ಇರಿ. ಮತ್ತೆ ಸರದಿ ಬದಲಿಸಿ. ಕಾರ್ಕಳದ 42 ಅಡಿ ಎತ್ತರದ ಗೊಮ್ಮಟನನ್ನು 1432ರಲ್ಲಿ ಬಂಡೆಗುಡ್ಡದ ಮೇಲೆ ಪ್ರತಿಷ್ಠಾಪಿಸಿದ್ದು. ಮೆಟ್ಟಿಲು ಹತ್ತುವಾಗ ಮಗುವನ್ನು ಎತ್ತಿಕೊಳ್ಳಲು ಗಟ್ಟಿ ತೋಳಿನವರು ಒಬ್ಬರು ಜೊತೆಗಿರಲಿ.

ಆ ಹತ್ತು ನಿಮಿಷ

ಕೆಲವು ವರ್ಷಗಳ ಹಿಂದೆ ನಮ್ಮವರದೇ ಒಂದು ಕುಟುಂಬಕೂಟ. ಸುಮಾರು 60 ಮಂದಿ ಸೇರಿದ್ದೆವು. ನಾನು ಬಡಿಸುವ ತಂಡದಲ್ಲಿದ್ದೆ. ಊಟದ ಗಡಿಬಿಡಿಯಲ್ಲಿ ಎರಡೂವರೆ ವರ್ಷದ ಒಂದು ಹೆಣ್ಣುಮಗು ಕಾಣಲಿಲ್ಲ. ತಾಯಿ ಅಜ್ಜಿಯ ಬಳಿ ಇದೆ ಎಂದುಕೊಂಡಿದ್ದರು. ಅಜ್ಜಿ ಅತ್ತೆಯ ಬಳಿ ಎಂದುಕೊಂಡಿದ್ದರು. ಅತ್ತೆ ತಂದೆಯ ಬಳಿ ಎಂದುಕೊಂಡಿದ್ದರು. ಆವರಣದ ಮೂಲೆಯಲ್ಲಿ ಒಂದು ಕೆರೆ ಇತ್ತು. ನಾನೂ ಇನ್ನಿಬ್ಬರೂ ಮೊದಲು ಓಡಿದ್ದು ಅಲ್ಲಿಗೇ. ನೀರು ನೋಡುತ್ತಾ ನಿಂತ ಆ ಗಳಿಗೆಯನ್ನು ಇಂದಿಗೂ ಮರೆತಿಲ್ಲ. ಹತ್ತು ನಿಮಿಷದ ಮೇಲೆ ಮಗು ನಿಲ್ಲಿಸಿದ್ದ ಕಾರುಗಳ ಹಿಂದೆ ಸಿಕ್ಕಿತು. ಬೆಕ್ಕಿನ ಮರಿಯೊಂದನ್ನು ನೋಡುತ್ತಾ ಕುಳಿತಿತ್ತು. ಯಾವುದಾದರೂ ಕಾರು ಹಿಂದಕ್ಕೆ ಬಂದಿದ್ದರೆ?

ಅಂದಿನಿಂದ ನಮ್ಮ ಕೂಟಗಳಲ್ಲಿ ಒಂದು ಕ್ರಮ ಮಾಡಿದ್ದೇವೆ. ಪ್ರತಿ ಪುಟ್ಟ ಮಗುವಿಗೂ ಅರ್ಧ ಗಂಟೆಗೆ ಒಬ್ಬರು ಹೊಣೆ. ಹೊಣೆ ಬದಲಾಗುವಾಗ "ಈಗ ನೀವು ನೋಡಿಕೊಳ್ಳಿ" ಎಂದು ಬಾಯಿಬಿಟ್ಟು ಹೇಳಬೇಕು, ಅವರು "ಆಯಿತು" ಎನ್ನಬೇಕು. ಎಲ್ಲರೂ ಇದ್ದಾರೆ, ಯಾರಾದರೂ ನೋಡಿಕೊಳ್ಳುತ್ತಾರೆ ಎಂಬುದೇ ಅತಿ ದೊಡ್ಡ ಅಪಾಯ. ಮಗುವಿನ ಜೇಬಿನಲ್ಲಿ ತಂದೆ ಅಥವಾ ತಾಯಿಯ ಫೋನ್ ನಂಬರ್ ಬರೆದ ಚೀಟಿ ಇರಲಿ. ಹೊರಡುವ ಮುನ್ನ ಮಗುವಿನ ಒಂದು ಫೋಟೋ ತೆಗೆದಿಟ್ಟರೆ ಅಂದು ತೊಟ್ಟ ಬಟ್ಟೆಯ ಗುರುತು ಸಿಗುತ್ತದೆ. ಮಗು ಕಾಣದಿದ್ದರೆ ಮೊದಲು ನೀರಿನ ಕಡೆ, ಆಮೇಲೆ ರಸ್ತೆಯ ಕಡೆ ಹುಡುಕಿ. ತಡಮಾಡದೆ 112ಕ್ಕೆ ಕರೆ ಮಾಡಿ. ಮಕ್ಕಳ ಸಹಾಯವಾಣಿ 1098.

ಚೀಲ ಮತ್ತು ದಾರಿ

ಕುದಿಸಿ ಆರಿಸಿದ ನೀರು, ಮಗುವಿನ ಬಟ್ಟಲು ಮತ್ತು ಚಮಚ, ಎರಡು ಜೊತೆ ಬಟ್ಟೆ, ಟೋಪಿ, ಹಳೆಯ ಪಂಚೆಯ ತುಂಡು. ಪಂಚೆ ಹಾಸಿಗೆ, ಹೊದಿಕೆ, ಟವೆಲ್, ನೆರಳು ಎಲ್ಲವೂ ಆಗುತ್ತದೆ. ತಿನ್ನಲು ಬಾಳೆಹಣ್ಣು, ಇಡ್ಲಿ, ಮೊಸರನ್ನ, ಹೆಸರುಬೇಳೆ ಪೊಂಗಲ್. ಕಡಲತೀರದ ಚರ್ಮುರಿಯಲ್ಲಿ ಹಸಿ ನೀರುಳ್ಳಿ, ಖಾರ ಇರುತ್ತದೆ. ದೊಡ್ಡವರು ನೀರುಳ್ಳಿ ಇಲ್ಲದೆ ಮಾಡಿಸಿಕೊಳ್ಳಬಹುದು, ಮಗುವಿಗೆ ಅದು ತಿಂಡಿಯಲ್ಲ. ನೆಲಗಡಲೆ, ಇಡೀ ದ್ರಾಕ್ಷಿಯನ್ನು ಐದು ವರ್ಷದೊಳಗಿನವರಿಗೆ ಕೊಡಬೇಡಿ, ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ. ದ್ರಾಕ್ಷಿಯಾದರೆ ಉದ್ದಕ್ಕೆ ಸೀಳಿ ಕೊಡಿ.

ಸ್ಕೂಟರಿನಲ್ಲಿ ಹೋಗುವವರಿಗೆ ಒಂದು ಸೂಚನೆ. ಕೇಂದ್ರ ಸರಕಾರದ ನಿಯಮದಂತೆ 2023ರ ಫೆಬ್ರವರಿಯಿಂದ, ಒಂಬತ್ತು ತಿಂಗಳಿನಿಂದ ನಾಲ್ಕು ವರ್ಷದ ಮಕ್ಕಳಿಗೆ ಸುರಕ್ಷತಾ ಪಟ್ಟಿ ಮತ್ತು ಅಳತೆಗೆ ಸರಿಯಾದ ಹೆಲ್ಮೆಟ್ ಕಡ್ಡಾಯ, ವೇಗ 40 ಕಿ.ಮೀ. ಮೀರಬಾರದು. ಹೆಚ್ಚಿನವರು ಇದನ್ನು ಪಾಲಿಸುತ್ತಿಲ್ಲ. ದಂಡಕ್ಕೆ ಹೆದರಿ ಅಲ್ಲ, ಮಗುವಿನ ತಲೆಯನ್ನು ನೆನೆದು ಪಾಲಿಸಿ.

ಕೊನೆಯ ಮಾತು

ನಾನು ಈಗ ಹೊರಡುವ ಕ್ರಮ ಇಷ್ಟೇ. ಒಂದು ದಿನಕ್ಕೆ ಒಂದು ಜಾಗ. ಎರಡು ಗಂಟೆ. ಹೊಟ್ಟೆ ತುಂಬಿಸಿ ಹೊರಡುವುದು, ನಿದ್ದೆಗೆ ಮೊದಲು ಮನೆ ಸೇರುವುದು. ಮಗು ಎಲ್ಲಿ ನಿಲ್ಲುತ್ತದೋ ಅಲ್ಲಿ ನಾನೂ ನಿಲ್ಲುವುದು. ಹೋದ ಜಾಗದ ಅರ್ಧವೂ ನೋಡಲಾಗದೆ ಬಂದ ದಿನಗಳೇ ಹೆಚ್ಚು. ಅದರಿಂದ ನಷ್ಟವೇನೂ ಆಗಿಲ್ಲ.

ನನ್ನ ಮೊಮ್ಮಗನಿಗೆ ಈಗ ಐದು ವರ್ಷ. ಹೋದ ತಿಂಗಳು ಅವನ ತಂಗಿಯನ್ನು ಕದ್ರಿ ಪಾರ್ಕಿಗೆ ಕರೆದುಕೊಂಡು ಹೋದೆವು. ಅವಳು ಇರುವೆ ಸಾಲಿನ ಮೇಲೆ ಕಾಲಿಡಲು ಹೊರಟಾಗ ನಾನು ಬಾಯಿ ತೆರೆಯುವ ಮೊದಲೇ ಅವನು ಅವಳ ಪಕ್ಕ ಕುಕ್ಕರಗಾಲಿನಲ್ಲಿ ಕುಳಿತಿದ್ದ. ಬರುವ ಭಾನುವಾರ ನೀವೂ ಒಂದು ಜಾಗ ಆರಿಸಿಕೊಳ್ಳಿ.